ಸೈಲಸ್ ಪೆಂಡ್ರಿಯ ಪರ ವಕಾಲತ್ತು

ವಿಮಾನ ನಿಲ್ದಾಣ

ಸಾಕ್ಷಿ ಕಟಕಟೆ ಹತ್ತುವ ಕಕ್ಷಿದಾರರಿಗೆಲ್ಲ ಇಷ್ಟು ವರ್ಷ ನಾನು ಒಂದೇ ಪಾಠ ಹೇಳುತ್ತ ಬಂದಿದ್ದೇನೆ: ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ಕೇಳದ್ದನ್ನು ಹೇಳಬೇಡಿ, ನಡುನಡುವೆ ನನ್ನ ಮುಖ ನೋಡಬೇಡಿ. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕುಳಿತಿದ್ದ ಅಧಿಕಾರಿ, "ಬಂದ ಉದ್ದೇಶ?" ಎಂದು ಕೇಳಿದ. ಫ್ರೀಮಾಂಟಿನಲ್ಲಿ ತಂಗಿಯ ಮನೆ ಇದೆ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಕೋರ್ಟಿಗೆ ಬೇಸಿಗೆ ರಜೆ ಎಂದೆ. ಹೆಂಡತಿ ಬ್ಯಾಂಕಿನವಳು, ಅವಳಿಗೆ ರಜೆ ಸಿಗಲಿಲ್ಲ ಎಂದೆ. ನನಗೆ ಬಿ.ಪಿ. ಇದೆ, ಆದರೆ ಹತೋಟಿಯಲ್ಲಿದೆ ಎಂದೆ. ಪೆಟ್ಟಿಗೆಯಲ್ಲಿ ಶೇಂಗಾ ಚಟ್ನಿಪುಡಿ ಎರಡು ಬಗೆಯದ್ದಿದೆ, ಒಂದಕ್ಕೆ ಬೆಳ್ಳುಳ್ಳಿ ಹಾಕಿದೆ ಎಂದೂ ಒಪ್ಪಿಕೊಂಡೆ. ಆತ ತಾಳ್ಮೆಯಿಂದ ಎಲ್ಲ ಕೇಳಿ, "ಸರ್, ಚಟ್ನಿಯ ವಿಚಾರ ಮುಂದಿನ ಕೌಂಟರಿನಲ್ಲಿ," ಎಂದು ಠಸ್ಸೆ ಒತ್ತಿದ.

ಹೇಳದೆ ಉಳಿಸಿಕೊಂಡಿದ್ದು ಒಂದನ್ನೇ. ನಾನು ತಲೆ ತಪ್ಪಿಸಿಕೊಂಡು ಬಂದಿದ್ದೆ.

ಗದಗಿನ ಕಡೆಯ ಒಂದು ತಾಲೂಕು ಊರಿನಲ್ಲಿ ನನ್ನ ವಕೀಲಿಕೆ. ಕೋರ್ಟು ರಜೆಗೆ ಮುಚ್ಚುವ ಮುನ್ನಾದಿನ ಪಕ್ಷದ ತಾಲೂಕು ಅಧ್ಯಕ್ಷ ನಿಂಗನಗೌಡರು ಮನೆಗೆ ಬಂದರು. ಚಹಾ ಬರುವ ಮೊದಲೇ ಮಾತು ಬಂತು. "ವಕೀಲ್ರ, ಪುರಸಭಾ ಎಲೆಕ್ಷನ್ನಿಗೆ ನಿಮ್ಮ ಹೆಸರು ಫಿಕ್ಸ್ ಮಾಡೇವಿ. ಗೆದ್ರ ಅಧ್ಯಕ್ಷಗಿರಿನೂ ನಿಮಗ." ಎದೆ ಡವಗುಟ್ಟಿತು. ಅರ್ಧ ಹೆದರಿಕೆಗೆ, ಇನ್ನರ್ಧ ಆಸೆಗೆ. ಯಾವ ಅರ್ಧ ದೊಡ್ಡದೆಂದು ಈಗಲೂ ಹೇಳಲಾರೆ.

ತೊಡಕು ಒಂದೇ. ನಮ್ಮೂರ ಹಳೇ ಸಂತೆ ಬಯಲಿನಲ್ಲಿ ಕಾಯಿಪಲ್ಲೆ ಮಾರುವ ಹೆಂಗಸರನ್ನು ಎಬ್ಬಿಸಿ ಅಲ್ಲೊಂದು ವಾಣಿಜ್ಯ ಸಂಕೀರ್ಣ ಕಟ್ಟಲು ಪುರಸಭೆ ಹೊರಟಿತ್ತು. ಆ ಹೆಂಗಸರ ಪರವಾಗಿ ದಾವೆ ಹೂಡಿ ತಡೆಯಾಜ್ಞೆ ತಂದವನು ನಾನೇ. ಪುರಸಭೆಯ ಸದಸ್ಯನಾದವನು ಪುರಸಭೆಯ ವಿರುದ್ಧ ವಕೀಲಿಕೆ ಮಾಡುವಂತಿಲ್ಲ. ಚುನಾವಣೆಗೆ ನಿಲ್ಲಬೇಕಾದರೆ ಕೇಸು ಬಿಡಬೇಕು. ಅಷ್ಟರಲ್ಲೇ ನ್ಯಾಯಾಧೀಶರು, ರಜೆ ಮುಗಿದ ಮೊದಲ ತಾರೀಖಿಗೆ ಹೆಂಗಸರ ಕಡೆಯ ಸಾಕ್ಷಿ ಆಗಲೇಬೇಕು, ಇದು ಕೊನೆಯ ಅವಕಾಶ ಎಂದು ಬರೆದಿದ್ದರು. ನಾನು ಕೈಬಿಟ್ಟರೆ ಹೊಸ ವಕೀಲ ಕಡತದ ದಾರ ಬಿಚ್ಚುವಷ್ಟರಲ್ಲಿ ದಾವೆಯೇ ಮುಗಿದಿರುತ್ತದೆ. ಇದು ನನಗೂ ಗೊತ್ತಿತ್ತು, ಗೌಡರಿಗೂ ಗೊತ್ತಿತ್ತು. ಇಬ್ಬರೂ ಚಹಾ ಕುಡಿದೆವು.

ಉತ್ತರ ಹೊಳೆಯದಿದ್ದಾಗ ಕೋರ್ಟಿನಲ್ಲಿ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಇನ್ನಷ್ಟು ದಿನದ ಮುದ್ದತು ಕೇಳಿದೆ. "ತಂಗಿ ಕರದಾಳ್ರಿ. ಅಮೇರಿಕಾಕ್ಕ ಹೋಗಿಬಂದು ಹೇಳ್ತೀನಿ."

"ಬಂದ್ ಮ್ಯಾಲ ಹೊತ್ತಾಗ್ತದ. ಅಲ್ಲಿಂದನ ಹೇಳ್ರಿ. ಮೂರು ವಾರ ಕೊಟ್ಟೀನಿ," ಎಂದರು ಗೌಡರು, ನ್ಯಾಯಾಧೀಶರಿಗಿಂತ ಸ್ಪಷ್ಟವಾಗಿ.

ಬಾಗಿಲಿಗೆ ಬಂದ ಟ್ಯಾಕ್ಸಿಗೆ ಪೆಟ್ಟಿಗೆ ಏರಿಸುವಾಗ ಹೆಂಡತಿ ಅಂದಳು: "ಚಿಂತಿ ಮಾಡಾಕ ಅಷ್ಟ್ ದೂರ ಯಾಕ ಹೋಗ್ತೀರಿ? ಇಲ್ಲೇ ಮಾಡಬಹುದಾಗಿತ್ತು."

ಫ್ರೀಮಾಂಟ್: ಮೂರು ಬಣ್ಣದ ಡಬ್ಬಿಗಳು

ತಂಗಿ ವಿಜಯಾ ಇಲ್ಲಿ ಫಾರ್ಮಸಿಸ್ಟು. ಗಂಡ ಶ್ರೀಧರ ಮೈಸೂರಿನವರು, ಕೊಲ್ಲಿಯ ಆಚೆ ದಡದ ಕಂಪ್ಯೂಟರ್ ಚಿಪ್ಪಿನ ಕಂಪನಿಗೆ ಹೋಗುತ್ತಾರೆ. ಹೋಗುತ್ತಾರೆ ಎಂದರೆ ಸೇತುವೆಯ ಮೇಲೆ ಕಾರಿನಲ್ಲಿ ಕುಳಿತಿರುತ್ತಾರೆ. ಮಗಳು ಸಾನ್ವಿಗೆ ಒಂಬತ್ತು ವರ್ಷ. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಬೆಳಿಗ್ಗೆ ಎದ್ದು ಒಬ್ಬನೇ ವಾಕಿಂಗಿಗೆ ಹೊರಡುತ್ತಿದ್ದೆ. ಇಲ್ಲಿ ಎದುರು ಬಂದವರೆಲ್ಲ ನಗುತ್ತಾರೆ, "ಹೌ ಆರ್ ಯೂ" ಎನ್ನುತ್ತಾರೆ. ನಾನು ನಿಂತು, ನಿದ್ದೆ ಸರಿಯಾಗಿಲ್ಲ, ಮೊಣಕಾಲು ಸ್ವಲ್ಪ ಎಂದು ಶುರು ಮಾಡುವಷ್ಟರಲ್ಲಿ ಅವರ ಬೆನ್ನು ಕಾಣುತ್ತಿತ್ತು. ನಾಯಿ ಹಿಡಿದುಕೊಂಡು ಬರುವ ಒಬ್ಬ ಮುದುಕಿ ಮಾತ್ರ ಎರಡನೆಯ ದಿನ ನಿಂತು ಪೂರಾ ಕೇಳಿಸಿಕೊಂಡಳು. ಮೂರನೆಯ ದಿನ ದೂರದಿಂದಲೇ ನನ್ನನ್ನು ನೋಡಿ ರಸ್ತೆ ದಾಟಿದಳು. ನಮ್ಮೂರಲ್ಲಿ ಯಾರೂ ಹೇಗಿದ್ದೀರಿ ಎಂದು ಕೇಳುವುದಿಲ್ಲ, "ಎಲ್ಲಿಗೆ ಹೊಂಟ್ರಿ?" ಎನ್ನುತ್ತಾರೆ. ಅದಕ್ಕೆ ಸುಳ್ಳು ಹೇಳುವುದು ಸುಲಭ.

ಮನೆಯ ಮಗ್ಗುಲಿಗೆ ಮೂರು ಬಣ್ಣದ ಕಸದ ಡಬ್ಬಿಗಳು. ಕರಿಬೇವಿನ ಕಡ್ಡಿ ಹಿಡಿದು ಅವುಗಳ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ. ಶ್ರೀಧರ ಕಾರಿನ ಕೀಲಿ ತಿರುಗಿಸುತ್ತ ಬಂದರು.

"ಭಾವ, ಹಸಿರು ಬಿನ್ನು. ಅಡುಗೆ ಕಸ ಎಲ್ಲಾ ಹಸಿರು ಬಿನ್ನಿಗೆ."

"ಇದು ಒಣಗಿದ್ದು ಅದ. ಒಣಗಿದ್ರೂ ಅಡಗಿ ಕಸನ?"

"ಭಾವ, ಅದೊಂದು ಕಡ್ಡಿ."

"ತಪ್ಪು ಡಬ್ಬಿಗೆ ಹಾಕಿದ್ರ ನಿಮ್ಮ ಹೆಸರಿಗೆ ನೋಟೀಸು ಬರ್ತದೇನು?"

ಅವರು ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಹಸಿರು ಡಬ್ಬಿಗೆ ಹಾಕಿ, ಆಫೀಸಿಗೆ ಹೊರಟರು.

ನಮ್ಮೂರಿನ ಸಂಜೆ ಇಲ್ಲಿಯ ಬೆಳಗು. ನಾನು ಹಲ್ಲುಜ್ಜುವ ಹೊತ್ತಿಗೆ ಸರಿಯಾಗಿ ಗೌಡರ ಸಂದೇಶ ಬರುತ್ತಿತ್ತು. ಮೊದಲ ದಿನ, "ಆರಾಮ ಮುಟ್ಟಿದ್ರಿ?" ಎರಡನೆಯ ದಿನ ಜೋಡಿಸಿದ ಎರಡು ಕೈಗಳ ಚಿತ್ರ. ಮೂರನೆಯ ದಿನ ಒಂದು ಭಿತ್ತಿಪತ್ರ. ಅದರಲ್ಲಿ ನಾನೇ ಇದ್ದೆ. ಯಾರದೋ ಮದುವೆಯ ಫೋಟೋದಿಂದ ಕತ್ತರಿಸಿದ್ದು. ಪಕ್ಕದವರ ಹೆಗಲು ಸ್ವಲ್ಪ ಉಳಿದುಕೊಂಡಿತ್ತು. ಹೆಸರಿನ ಹಿಂದೆ 'ಜನಸೇವಕ' ಎಂದಿತ್ತು. ನನಗೆ ಸಿಟ್ಟು ಬಂತು ಎಂದು ಬರೆಯಬೇಕೆಂದಿದ್ದೆ. ಬಂದಿದ್ದು ಬೇರೆ: ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ, ಮೀಸೆ ಎರಡೂ ಕಡೆ ಸಮ ಇದೆಯೇ ಎಂದು ನೋಡಿದೆ.

"ಅಣ್ಣಾ, ನೀ ಹಿಂಗ ಖಾಲಿ ಕುಂತು ಫೋನ್ ನೋಡ್ಕೋತ ಅಡ್ಡಾಡಬ್ಯಾಡ," ಎಂದಳು ವಿಜಯಾ. "ಸಾನ್ವಿದೊಂದು ಪ್ರಾಜೆಕ್ಟು ಐತಿ. ಆಕಿ ಪಾಲಿಗೂ ಒಬ್ಬ ವಕೀಲನ ಬಿದ್ದಾನ. ನಿಂಗ ತಕ್ಕ ಕೆಲಸ."

ಇಲ್ಲಿಯ ನಾಲ್ಕನೆಯ ತರಗತಿಯ ಮಕ್ಕಳು ವರ್ಷದ ಕೊನೆಗೆ ಮೇಣದ ಮ್ಯೂಸಿಯಂ ಎಂಬುದೊಂದನ್ನು ನಡೆಸುತ್ತಾರೆ. ಒಂದೊಂದು ಮಗುವೂ ಕ್ಯಾಲಿಫೋರ್ನಿಯಾದ ಚರಿತ್ರೆಯ ಒಬ್ಬೊಬ್ಬರ ವೇಷ ಹಾಕಿಕೊಂಡು ಮೇಣದ ಗೊಂಬೆಯ ಹಾಗೆ ಅಲುಗಾಡದೆ ನಿಲ್ಲಬೇಕು. ಮುಂದೆ ಕೆಂಪು ಕಾಗದದ ಗುಂಡಿ. ನೋಡಲು ಬಂದವರು ಅದನ್ನು ಒತ್ತಿದರೆ ಗೊಂಬೆಗೆ ಜೀವ ಬಂದು, ನಾನು ಇಂಥವನು, ಇಂಥಿಂಥದ್ದು ಮಾಡಿದೆ ಎಂದು ಒಂದು ನಿಮಿಷ ಮಾತಾಡುತ್ತದೆ. ಚೀಟಿ ಎತ್ತಿದಾಗ ಸಾನ್ವಿಗೆ ಬಂದವನು ಸೈಲಸ್ ಪೆಂಡ್ರಿ. ಚಿನ್ನ ಅಗೆಯಲು ಪೂರ್ವದಿಂದ ಬಂದು, ಚಿನ್ನ ಸಿಗದೆ, ಡೇರೆಯ ಕೆಳಗೆ ಮೇಜು ಹಾಕಿ ವಕೀಲನಾಗಿ ಕುಳಿತು, ಮುಂದೆ ಸೆನೆಟರಾಗಿ ಶಾಸನಸಭೆಗೆ ಹೋದವನು.

"ಮಾಮಾ, ಐ ವಾಂಟೆಡ್ ದಿ ಸ್ಟೇಜ್‌ಕೋಚ್ ಡ್ರೈವರ್," ಎಂದಳು ಸಾನ್ವಿ; ಕುದುರೆ ಸಾರೋಟು ಓಡಿಸುವವರ ಪಾತ್ರ ಬೇಕಿತ್ತಂತೆ. "ಐ ಗಾಟ್ ಎ ಲಾಯರ್."

ನಮ್ಮ ಕಕ್ಷಿದಾರರೂ ನಮ್ಮನ್ನು ಹೆಚ್ಚುಕಡಿಮೆ ಇದೇ ಮುಖ ಮಾಡಿಕೊಂಡು ನೋಡುತ್ತಾರೆ.

ಸಾಂಟಾ ಕ್ಲಾರಾ: ಗಿರ್ಮಿಟ್ ತಿನ್ನುತ್ತ

ಶನಿವಾರ ಎಲ್ ಕಮೀನೋ ರಸ್ತೆಗೆ ಕಿರಾಣಿಗೆಂದು ಹೋದೆವು. ಭಾರತದ ಅಂಗಡಿಗಳು ಸಾಲಾಗಿವೆ. ಹುಬ್ಬಳ್ಳಿಯವರು ನಡೆಸುವ ಹೋಟೆಲಿನಲ್ಲಿ ಗಿರ್ಮಿಟ್ ಸಿಗುತ್ತದೆಂದು ಶ್ರೀಧರ ಕರೆದುಕೊಂಡು ಹೋದರು. ಕಾಗದದ ತಟ್ಟೆಯ ಗಿರ್ಮಿಟ್ಟಿಗೆ ನಾನು ಇನ್ನೂ ಕೈ ಹಾಕಿರಲಿಲ್ಲ, ಪಕ್ಕದ ಮೇಜಿನಿಂದ ಒಬ್ಬರು ಎದ್ದು ಬಂದರು.

"ವಕೀಲ್ ಸಾಹೇಬ್ರ! ನಮಸ್ಕಾರ್ರಿ! ಅಧ್ಯಕ್ಷರಾಗಾಕತ್ತೀರಂತ!"

ನಮ್ಮೂರಿನ ಕಡೆಯವರೇ. ಭಿತ್ತಿಪತ್ರ ನನಗಿಂತ ಮೊದಲು ಅವರಿಗೆ ಮುಟ್ಟಿತ್ತು. ಇನ್ನೂ ಏನೂ ನಿಕ್ಕಿ ಆಗಿಲ್ಲ ಎಂದೆ. ನಿಕ್ಕಿ ಆಗಿಲ್ಲ ಎನ್ನುವಾಗ ನನ್ನ ಧ್ವನಿ ತನ್ನಷ್ಟಕ್ಕೆ ಭಾಷಣದ ಧಾಟಿಗೆ ಇಳಿದಿದ್ದನ್ನು ವಿಜಯಾ ಕಂಡು, ಗಿರ್ಮಿಟ್ಟಿನತ್ತ ಮುಖ ತಗ್ಗಿಸಿ ನಕ್ಕಳು.

"ಆಗ್ರಿ, ಆಗ್ರಿ. ಆ ಸಂತಿ ಬಯಲಿನ್ಯಾಗ ಒಂದು ಚಂದನ ಕಾಂಪ್ಲೆಕ್ಸ್ ಎಬ್ಬಿಸ್ರಿ. ನಾ ಊರಿಗೆ ಬಂದ್ರ ಕಾರ್ ನಿಲ್ಸಾಕ ಜಾಗಾ ಇಲ್ಲ," ಎಂದರು ಅವರು.

"ಅಲ್ಲಿ ಹೆಂಗಸರು ಕುಂದ್ರತಾರಲ್ರಿ, ಕಾಯಿಪಲ್ಲೆ ಮಾರೋರು."

"ಅವರಿಗೇನ್ರಿ, ಎಲ್ಲಾದ್ರೂ ಕುಂದ್ರತಾರ. ಬಾಯಿ ಇದ್ದೋರು."

ಬಾಯಿ! ಅದೇ ನನ್ನ ಎರಡು ವರ್ಷಗಳ ನಿದ್ದೆಗೇಡು. ಆ ಹೆಂಗಸರ ಮುಖಂಡಳು ಕಾಶವ್ವ. ದಾವೆಯ ಮೊದಲ ವಾದಿ ಅವಳೇ. ಕಟಕಟೆ ಹತ್ತಬೇಕಾದವಳೂ ಅವಳೇ. ಒಂದು ದಿನ ಆಫೀಸಿನಲ್ಲಿ ಕೂರಿಸಿ ತಾಲೀಮು ಮಾಡಿಸಿದ್ದೆ. ಎಷ್ಟು ವರ್ಷದಿಂದ ಅಲ್ಲಿ ಕೂತು ಮಾರುತ್ತಿದ್ದೀಯಾ ಎಂದರೆ, "ನಮ್ಮವ್ವ ಬದನಿಕಾಯಿ ಬುಟ್ಟಿ ಮಗ್ಗಲಕ ನನ್ನ ಮಲಗಿಸಿದಾಗಿಂದ," ಎಂದಳು. ಅದು ಚೆನ್ನಾಗಿತ್ತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. "ಮಳಿ ಬಂದ್ರ ಗಟಾರದ ಮ್ಯಾಲ ಕಲ್ಲು ಹಾಸಿ ಮುಂದ ಸರಕೋತೀವ್ರಿ. ಅದನ್ನೂ ಹೇಳಬೇಕಲ್ರಿ, ಖರೇ ಅದು," ಎಂದಳು. ಗಟಾರ ಪುರಸಭೆಯದು, ಅದರ ಮೇಲೆ ಕಲ್ಲು ಹಾಸಿದರೆ ಅತಿಕ್ರಮಣ. ಎದುರು ವಕೀಲ ಪಾಟೀ ಸವಾಲಿನಲ್ಲಿ ಅದೊಂದನ್ನೇ ಹಿಡಿದು ಎಳೆದರೆ ನಮ್ಮ ದಾವೆಯ ದಾರವೆಲ್ಲ ಬಿಚ್ಚಿಕೊಂಡೀತೆಂದು ನನಗೆ ಹೆದರಿಕೆ. ಅಂದಿನಿಂದ ಪ್ರತಿ ತಾರೀಖಿಗೂ ಒಂದೊಂದು ನೆಪ: ಸಾಕ್ಷಿಗೆ ಜ್ವರ, ಸಾಕ್ಷಿ ಊರಲ್ಲಿಲ್ಲ, ದಾಖಲೆ ಬರಬೇಕು. ಜ್ವರ ಬಂದ ದಿನಗಳಲ್ಲೆಲ್ಲ ಕಾಶವ್ವ ಕೋರ್ಟಿನ ಬೇವಿನ ಗಿಡದ ಕೆಳಗೆ ಗಟ್ಟಿಮುಟ್ಟಾಗಿ ಕುಳಿತಿರುತ್ತಿದ್ದಳು. "ಇವತ್ತೂ ನನ್ನ ಕರೀಲಿಲ್ಲ?" ಎಂದು ಕೇಳಿ ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದಳು.

ಗಿರ್ಮಿಟ್ಟಿಗೆ ಉಪ್ಪು ಕಡಿಮೆಯಾಗಿತ್ತು. ಹೇಳಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು.

ಪ್ಲೆಸೆಂಟನ್ ದಾಟಿ: ಪೆಂಡ್ರಿಯ ಮನೆ

ಮರುದಿನ ಸಾನ್ವಿಯ ಪ್ರಾಜೆಕ್ಟಿಗಾಗಿ ಪೆಂಡ್ರಿಯ ಮನೆ ನೋಡಲು ಹೊರಟೆವು. ಪ್ಲೆಸೆಂಟನ್ನಿನ ಆಫೀಸು ಕಟ್ಟಡಗಳು, ಒಂದರಂತೆ ಒಂದಿರುವ ಮನೆಗಳ ಸಾಲು, ಎಲ್ಲ ದಾಟಿದ ಮೇಲೆ ಒಣಹುಲ್ಲಿನ ಬಣ್ಣದ ಗುಡ್ಡಗಳು ಶುರುವಾಗುತ್ತವೆ. ಹುಲ್ಲು ನೋಡಿದ ಕೂಡಲೇ ನಾನು ಬೆಂಕಿಯ ಬಗ್ಗೆ ಕೇಳಿದೆ. ಆಮೇಲೆ ಭೂಕಂಪದ ಬಗ್ಗೆ. ಶ್ರೀಧರ ರೇಡಿಯೋ ಹಚ್ಚಿದರು.

ಅಂಥ ಒಂದು ಗುಡ್ಡದ ಬುಡದಲ್ಲಿ ಬಿಳಿ ಬಣ್ಣ ಬಳಿದ ಮರದ ಮನೆ. ಡೋರಿಸ್ ಎಂಬ ಮುದುಕಿ ವಾರಕ್ಕೆರಡು ದಿನ ಬಂದು ತೋರಿಸುತ್ತಾಳೆ. ಹಿಂದೆ ಶಾಲೆಯ ಲೈಬ್ರರಿಯಲ್ಲಿ ಇದ್ದವಳಂತೆ. ನಾನು ವಕೀಲನೆಂದು ತಿಳಿದಿದ್ದೇ ತಡ, ಹಗ್ಗ ಕಟ್ಟಿ ತಡೆದಿದ್ದ ಕಡೆಗೂ ಒಳಗೆ ಬಿಟ್ಟಳು. ಪೆಂಡ್ರಿಯ ಮೇಜು, ಮಸಿಕುಡಿಕೆ, ಕೆಂಪು ಪಟ್ಟಿ ಸುತ್ತಿ ಕಟ್ಟಿದ ಕಡತಗಳು. ಕಡತದ ಧೂಳಿಗೆ ಮಾತ್ರ ದೇಶಭೇದವಿಲ್ಲ, ಸೀನು ಬಂತು. ಗೋಡೆಯ ಮೇಲೆ ಅವನ ಚಿತ್ರ. ಮೀಸೆ ಎರಡೂ ಕಡೆ ಸಮ ಇತ್ತು.

ಒಳಕೋಣೆಯಲ್ಲಿ ಒಂದು ಗಾಜಿನ ಪೆಟ್ಟಿಗೆ, ಅದರಲ್ಲಿ ಹಳೆಯ ಪತ್ರಿಕೆಯ ಎರಡು ತುಣುಕುಗಳು. ಡೋರಿಸ್ ಬೆರಳಿಟ್ಟು ಅರ್ಥ ಹೇಳಿದಳು. ಮೊದಲನೆಯದು ಅವನು ಬರೀ ವಕೀಲನಾಗಿದ್ದಾಗಿನದು. ಬಟ್ಟೆ ಒಗೆದು ಬದುಕುತ್ತಿದ್ದ ಒಬ್ಬ ಚೀನೀಯನ ಗುಡಿಸಲಿಗೆ ಬಿಳಿಯನೊಬ್ಬ ಬೆಂಕಿ ಇಟ್ಟಿದ್ದ. ಪೆಂಡ್ರಿ ಆ ಚೀನೀಯನನ್ನೇ ಕಟಕಟೆಗೆ ಹತ್ತಿಸಿ, ನೋಡಿದ್ದನ್ನು ಹೇಳಿಸಿ, ಕೇಸು ಗೆದ್ದ. ಊರಿಗೆ ಊರೇ ಸಿಟ್ಟಾಯಿತು. ಎರಡನೆಯದು ಅವನು ಶಾಸನಸಭೆಗೆ ಹೋದ ಮೇಲಿನದು. ಬಿಳಿಯರ ವಿರುದ್ಧ ಚೀನೀಯರು ಕೋರ್ಟಿನಲ್ಲಿ ಸಾಕ್ಷಿ ಹೇಳುವಂತೆಯೇ ಇಲ್ಲವೆಂಬ ನಿಯಮ ಅಷ್ಟರಲ್ಲಿ ಜಾರಿಗೆ ಬಂದಿತ್ತು. ಅದು ಇರಲೇಬೇಕೆಂದು ಎದ್ದು ನಿಂತು ವಾದಿಸಿದವನು ಇದೇ ಪೆಂಡ್ರಿ. ನಡುವೆ ನಡೆದದ್ದು ಒಂದು ಚುನಾವಣೆ.

"ಇವೆರಡರಲ್ಲಿ ನಿಜವಾದ ಪೆಂಡ್ರಿ ಯಾರು?" ಎಂದು ಡೋರಿಸಳನ್ನು ಕೇಳಿದೆ.

"ನಾನು ಧೂಳು ಒರೆಸುವವಳು," ಎಂದಳು ಆಕೆ. "ಎರಡಕ್ಕೂ ಒಂದೇ ಬಟ್ಟೆ."

ಸಾನ್ವಿ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. "ಮಾಮಾ, ವೈ ಡಿಡ್ ಹೀ ಚೇಂಜ್?"

"ಊಟದ ಹೊತ್ತಾತು, ನಡಿ," ಎಂದೆ.

ಮತ್ತೆ ಫ್ರೀಮಾಂಟ್: ಊಟದ ಮೇಜಿನ ಮೇಲೊಂದು ಕೈಫಿಯತ್ತು

ಭಾಷಣ ಬರೆದುಕೊಡುವ ಹೊಣೆ ನನ್ನದಾಯಿತು. ಇಲ್ಲಿ ನಾನು ಮಾಡಿದ ತಪ್ಪನ್ನು ಬೇರೆ ಕಸುಬಿನವರು ಯಾರೂ ಮಾಡುತ್ತಿರಲಿಲ್ಲ. ಒಂದು ಗೊಂಬೆಯ ಭಾಷಣ ಬರಿ ಎಂದರೆ ನಾನು ಪ್ರತಿವಾದಿಯ ಪರವಾಗಿ, ದಾವೆಗೆ ಉತ್ತರ ಕೊಡುವ ಕೈಫಿಯತ್ತು ಬರೆದೆ. ಪೆಂಡ್ರಿ ಊರಿಗೆ ಶಾಲೆ ತಂದ, ರಸ್ತೆ ಹಾಕಿಸಿದ, ಪುಸ್ತಕ ಭಂಡಾರಕ್ಕೆ ತನ್ನ ಪುಸ್ತಕಗಳನ್ನು ಕೊಟ್ಟ. ಎಲ್ಲ ನಿಜ. ಗಾಜಿನ ಪೆಟ್ಟಿಗೆಯ ಎರಡೂ ತುಣುಕುಗಳು ಇರಲಿಲ್ಲ. ಮೊದಲನೆಯದನ್ನು ಹೇಳಿದರೆ ಎರಡನೆಯದರ ಬಗ್ಗೆ ಪ್ರಶ್ನೆ ಬರುತ್ತದೆ. ಹಾಗಾಗಿ ಎರಡನ್ನೂ ತೆಗೆದುಹಾಕಿದೆ. ನನ್ನ ಬರವಣಿಗೆಯ ಬಗ್ಗೆ ನನಗೇ ಒಂದು ಮೆಚ್ಚುಗೆ ಹುಟ್ಟಿತು.

ಸಾನ್ವಿ ಓದಿದಳು. "ಬಟ್ ಹೀ ಡಿಡ್ ಇಟ್, ಮಾಮಾ. ದಿ ಕೋರ್ಟ್ ಥಿಂಗ್."

"ಮಾಡ್ಯಾನ. ಆದರ ನಾವಾಗೇ ಹೇಳಬೇಕಂತ ಇಲ್ಲಲ್ಲ. ಒಂದು ನಿಮಿಷ ಅದ, ಅಷ್ಟರಾಗ ಒಳ್ಳೇದಷ್ಟ ಹಿಡಿತದ."

"ಇಸ್ ದಟ್ ಲೈಯಿಂಗ್?"

"ಸುಳ್ಳಲ್ಲವ್ವಾ. ಕೇಳಿದ್ದಕ್ಕಷ್ಟ ಉತ್ತರ."

ವಿಜಯಾ ಒಗ್ಗರಣೆಯ ಸೌಟು ಹಿಡಿದೇ ಬಂದಳು. "ಅಣ್ಣಾ, ಅದು ನಾಲ್ಕನೇ ಕ್ಲಾಸಿನ ಹುಡುಗಿ. ನಿನ್ನ ಆರೋಪಿ ಅಲ್ಲ."

"ನಾ ಆಕೀನ ಕಾಪಾಡಾಕತ್ತೀನಿ."

"ಯಾರಿಂದ?"

ನಾನು ವೇಷದ ಕಡೆ ಮಾತು ತಿರುಗಿಸಿದೆ. ಶ್ರೀಧರರ ಕರಿ ಕೋಟು, ಅಂಗಡಿಯಿಂದ ತಂದ ಎತ್ತರದ ಟೋಪಿ. ವಕೀಲನೆಂದ ಮೇಲೆ ಕೊರಳಿಗೆ ಬಿಳಿ ಬ್ಯಾಂಡು ಬೇಡವೇ ಎಂದು ನನ್ನದೊಂದು ಕರವಸ್ತ್ರ ಕತ್ತರಿಸಿ ನಮ್ಮ ಕೋರ್ಟಿನ ಮಾದರಿಯ ಎರಡು ಪಟ್ಟಿ ಹೊಲಿದೆ. ಇಲ್ಲಿಯ ವಕೀಲರು ಅದನ್ನು ಕಟ್ಟುವುದಿಲ್ಲವೆಂದು ನನಗೆ ತಿಳಿದದ್ದು ಶಾಲೆಯಲ್ಲಿ, ಟೀಚರು ಬಂದು "ಓಹ್, ಇವರು ಪಾದ್ರಿಯೂ ಆಗಿದ್ದರೇ?" ಎಂದು ಕೇಳಿದಾಗ.

ಮರುದಿನ ಬೆಳಿಗ್ಗೆ ಗೌಡರ ಫೋನು. "ಹ್ಯಾಂಗ್ ಐತ್ರಿ ಅಮೇರಿಕಾ? ಶುಕ್ರವಾರ ಮುಂಜಾನೆ ನಮ್ಮ ಸಭಾ ಐತಿ. ಅಷ್ಟರಾಗ ಹೌದೋ ಅಲ್ಲೋ ಹೇಳಿಬಿಡ್ರಿ. ಅಂದಂಗ, ಆ ಕಾಯಿಪಲ್ಲಿ ಕೇಸಿಂದು ಚಿಂತಿ ಬ್ಯಾಡ್ರಿ. ನೀವು ಎರಡು ವರ್ಷ ಆ ಹೆಣ್ಮಗಳನ್ನ ಬಾಯಿ ತಗಿಯಾಕ ಬಿಟ್ಟಿಲ್ಲ. ಇನ್ನೊಂದು ತಾರೀಖು ಬಿಡದಿದ್ರ ಮುಗೀತಲ್ರಿ, ನಿಮ್ಮ ಕೈಗೇನೂ ಹತ್ತೂದಿಲ್ಲ."

ಅವರು ಇದನ್ನು ಮೆಚ್ಚುಗೆಯಿಂದಲೇ ಅಂದಿದ್ದರು. ಅದೇ ನನ್ನನ್ನು ಆ ದಿನವೆಲ್ಲ ಕೂರಲು ಬಿಡಲಿಲ್ಲ. ಮನೆಯೆದುರಿನ ರಸ್ತೆಯಲ್ಲಿ ಎಷ್ಟು ಸಲ ಹೋಗಿ ಬಂದೆನೆಂದರೆ, ಎದುರು ಮನೆಯವರು ಕಿಟಕಿಯ ಪರದೆ ಸರಿಸಿ ನೋಡಿದರು.

ಶಾಲೆಯ ಸಭಾಂಗಣ

ಗುರುವಾರ ಬೆಳಿಗ್ಗೆ. ಸಭಾಂಗಣದ ಸುತ್ತ ಗೋಡೆಗುಂಟ ಗೊಂಬೆಗಳು. ಚಿನ್ನ ಅಗೆಯುವವರೇ ಏಳೆಂಟು ಜನ, ಒಬ್ಬಳು ಸ್ಟೇಜ್‌ಕೋಚಿನ ಚಾಟಿ ಹಿಡಿದವಳು. ಸಾನ್ವಿ ಅವಳ ಕಡೆ ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟು, ಮೇಣವಾದಳು. ಅವಳು ಕಣ್ಣು ಮಿಟುಕಿಸದೆ ನಿಲ್ಲುವುದನ್ನು ನೋಡಿ, ಉಸಿರಾಡುತ್ತಿದ್ದಾಳೆಯೇ ಎಂದು ನನಗೆ ಗಾಬರಿ. ಪಕ್ಕದ ಕುರ್ಚಿಯಲ್ಲಿ ತುದಿಗೆ ಕುಳಿತೆ.

ಜನ ಬಂದರು, ಗುಂಡಿ ಒತ್ತಿದರು. ಶಾಲೆ, ರಸ್ತೆ, ಪುಸ್ತಕ ಭಂಡಾರ. ಚಪ್ಪಾಳೆ. ಒಂದು ತಪ್ಪಿಲ್ಲ. ಟೋಪಿ ಮಾತ್ರ ಸ್ವಲ್ಪ ಸ್ವಲ್ಪ ಜಾರುತ್ತಿತ್ತು.

ಆಮೇಲೆ ಒಬ್ಬ ಚೀನೀ ಮೂಲದ ಅಜ್ಜ ಬಂದರು. ಮೊಮ್ಮಗ ಇನ್ನೊಂದು ಮೂಲೆಯಲ್ಲಿ ಚಿನ್ನ ಅಗೆಯುತ್ತಿದ್ದ. ಅವರು ಕನ್ನಡಕ ಹಣೆಗೇರಿಸಿ ಪೆಂಡ್ರಿಯ ಹೆಸರು ಓದಿ ಗುಂಡಿ ಒತ್ತಿದರು. ಕೊನೆಯವರೆಗೂ ತಲೆ ಬಾಗಿಸಿ ಕೇಳಿದರು. ಚಪ್ಪಾಳೆ ತಟ್ಟಲಿಲ್ಲ.

"ನಮ್ಮ ಮುತ್ತಜ್ಜ ಈ ಕಡೆಯ ತೋಟಗಳಲ್ಲಿ ಹಣ್ಣು ಒಣಗಿಸುತ್ತಿದ್ದರಂತೆ," ಎಂದರು, ಮೆಲ್ಲಗೆ. "ಅಂಥವರ ಬಗ್ಗೆ ನೀವೇನಾದರೂ ಹೇಳಿದ್ದಿರಾ, ಸೆನೆಟರ್?"

ಗೊಂಬೆಗಳು ಪ್ರಶ್ನೆಗೆ ಉತ್ತರಿಸಬೇಕೆಂಬ ನಿಯಮವಿರಲಿಲ್ಲ. ಸಾನ್ವಿ ತಿರುಗಿ ನನ್ನ ಮುಖ ನೋಡಿದಳು. ಕಟಕಟೆಯಲ್ಲಿ ಸಿಕ್ಕಿಕೊಂಡ ಸಾಕ್ಷಿಗಳು ನೋಡುವ ಹಾಗೆ. ನಾನು ಯೋಚಿಸಲೇ ಇಲ್ಲ, ತಲೆ ತಾನೇ ಅಲ್ಲಾಡಿತು. ಇಷ್ಟೇ ಇಷ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ. ನ್ಯಾಯಾಧೀಶರಿಗೆ ಕಾಣದ ಹಾಗೆ ಅಲ್ಲಾಡಿಸುವುದು ನನಗೆ ಅಭ್ಯಾಸ.

ಅವಳು ಮತ್ತೆ ಮೇಣವಾದಳು. ಅಜ್ಜ ಸ್ವಲ್ಪ ಕಾದರು. "ಥ್ಯಾಂಕ್ಯೂ," ಎಂದು ಮುಂದಿನ ಗೊಂಬೆಯತ್ತ ನಡೆದರು.

ಒಬ್ಬ ಹೆಂಗಸು ಬಂದು ಗುಂಡಿ ಒತ್ತಿದಳು. ಪೆಂಡ್ರಿಗೆ ಜೀವ ಬರಲಿಲ್ಲ. ಮತ್ತೊಮ್ಮೆ ಒತ್ತಿದಳು. ಗುಂಡಿ ಕೆಟ್ಟಿದೆಯೇನೋ ಎಂಬಂತೆ ನನ್ನನ್ನು ನೋಡಿದಳು. ಅಷ್ಟರಲ್ಲಿ ಗೊಂಬೆ ಜಾಗ ಬಿಟ್ಟು ಇಳಿಯಿತು. ಒಂದು ಕೈಯಲ್ಲಿ ಟೋಪಿ ಹಿಡಿದು, ದೊಡ್ಡವರ ಕೋಟಿನಂಚು ಮೊಣಕಾಲಿಗೆ ಬಡಿಯುತ್ತ, ಸಭಾಂಗಣದ ನಡುವಿನಿಂದ ಓಡಿತು. ಟೀಚರು "ಸೈಲಸ್!" ಎಂದು ಕೂಗಿದರು. ಅವಳು ಅಜ್ಜನ ಮುಂದೆ ಹೋಗಿ ನಿಂತಳು. ನಾನೂ ಹಿಂದೆಯೇ ಹೋಗಿದ್ದೆ; ತಡೆಯಲು ಹೋದೆನೋ ಕೇಳಲು ಹೋದೆನೋ ಗೊತ್ತಿಲ್ಲ.

"ಯೆಸ್, ಐ ಡಿಡ್," ಎಂದಳು ಸಾನ್ವಿ, ಏದುಸಿರಿನಲ್ಲಿ. "ನೀವು ಕೋರ್ಟಿನಲ್ಲಿ ಮಾತಾಡಬಾರದು ಎಂದು ಹೇಳಿದೆ. ಅದಕ್ಕೂ ಮೊದಲು ನಿಮ್ಮವರೊಬ್ಬರು ಮಾತಾಡಿದ್ದರು, ನಾನೇ ಕರೆದಿದ್ದೆ. ಅವರು ನಿಜ ಹೇಳಿದರು, ನಾವು ಗೆದ್ದೆವು. ಆಮೇಲೆ ನನಗೆ ವೋಟು ಬೇಕಾಯಿತು." ಇಷ್ಟನ್ನೂ ಇಂಗ್ಲಿಷಿನಲ್ಲೇ ಹೇಳಿದಳು. ಒಂದು ಪದವೂ ನಾನು ಬರೆದುಕೊಟ್ಟಿದ್ದಲ್ಲ.

ಅಜ್ಜ ಕನ್ನಡಕ ಸರಿಮಾಡಿಕೊಂಡರು. ಬಗ್ಗಿ, ಅವಳ ಕೊರಳಿನ ಸೊಟ್ಟಗಾಗಿದ್ದ ಪಟ್ಟಿಯನ್ನು ನೆಟ್ಟಗೆ ಮಾಡಿದರು.

"ಸರಿ. ಈಗ ನಿನ್ನ ಜಾಗಕ್ಕೆ ಹೋಗು," ಎಂದರು. "ಅಲ್ಲಿ ಜನ ಕಾಯುತ್ತಿದ್ದಾರೆ."

ಅವಳು ಹೋದಳು. ಮುಂದೆ ಗುಂಡಿ ಒತ್ತಿದವರಿಗೆಲ್ಲ ಎರಡು ನಿಮಿಷದ ಪೆಂಡ್ರಿ ಸಿಕ್ಕ. ನನ್ನ ಕಡೆ ಮತ್ತೆ ನೋಡಲಿಲ್ಲ.

ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಅವಳು ಕನ್ನಡದಲ್ಲಿ ಅಂದಳು, ಬಂದಾಗಿನಿಂದ ನಾನು ಅವಳ ಬಾಯಲ್ಲಿ ಕೇಳಿದ ಮೊದಲ ಪೂರ್ತಿ ವಾಕ್ಯ: "ಮಾಮಾ, ನೀವು ತಲೆ ಅಲ್ಲಾಡಿಸಿದ್ರಿ."

"ಹೌದವ್ವಾ," ಎಂದೆ.

ಕಾರು ನಡೆಸುತ್ತಿದ್ದ ವಿಜಯಾ ತಿರುಗಿ ನನ್ನನ್ನು ನೋಡಿದಳು. ಅವಳು ಏನಾದರೂ ಅಂದಿದ್ದರೆ ನನಗೆ ವಾದಿಸಲು ಅನುಕೂಲವಾಗುತ್ತಿತ್ತು.

ಅದೇ ಗುರುವಾರ, ಹಿತ್ತಲು

ಊರಿನಲ್ಲಿ ಆಗಲೇ ಕತ್ತಲಾಗಿರುತ್ತದೆ, ಗೌಡರು ಮಲಗಿರಬಹುದು, ಎಬ್ಬಿಸುವುದು ಸರಿಯಲ್ಲ, ನಾಳೆ ಮಾಡಿದರಾಯಿತು ಎಂದು ನಾಲ್ಕು ನೆಪ ಸಿದ್ಧವಾಗಿದ್ದವು. ನಾಲ್ಕನ್ನೂ ಹಿತ್ತಲಿನಲ್ಲಿ ನಿಂಬೆಗಿಡದ ಸುತ್ತ ತಿರುಗುತ್ತ ತೂಗಿ ನೋಡಿದೆ. ಆಮೇಲೆ ಫೋನು ಹಚ್ಚಿದೆ.

ಗೌಡರು ಎಚ್ಚರವಾಗಿದ್ದರು. ರಾಜಕಾರಣಿಗಳು ಇಷ್ಟು ಬೇಗ ಮಲಗುವುದಿಲ್ಲವೆಂಬುದೂ ನನಗೆ ಗೊತ್ತಿರಲಿಲ್ಲ, ಅಧ್ಯಕ್ಷನಾಗಲು ಹೊರಟಿದ್ದೆ.

"ಗೌಡ್ರ, ನಾ ನಿಲ್ಲೂದಿಲ್ರಿ."

"ಯಾಕ್ರಿ? ಅಮೇರಿಕಾದ ಗಾಳಿ ಬಡೀತೇನು?"

"ಹಂಗಲ್ರಿ. ಆ ಕೇಸು ನಡಸಬೇಕು."

"ವಕೀಲ್ರ, ಆ ಕೇಸಿನ್ಯಾಗ ಜೀವ ಎಲ್ಲೈತ್ರಿ? ಭಿತ್ತಿಪತ್ರ ಬ್ಯಾರೆ ಎಲ್ಲಾರಿಗೂ ಹೋಗೇತಿ. ಇನ್ನ ಅದನ್ನ ಏನ್ ಮಾಡಲಿ?"

"ಹೆಸರು ತಗದು ಬ್ಯಾರೆಯವರದು ಹಾಕ್ರಿ. ಹ್ಯಾಂಗೂ ಬ್ಯಾರೆಯವರ ಹೆಗಲು ಇತ್ತಲ್ರಿ ಅದರಾಗ."

ಅವರು ನಕ್ಕರು. ನಗುತ್ತಲೇ, ಇನ್ನು ನಾವು ಎದುರಾಬದುರಾ ಅಂತಾಯ್ತು ಎಂದರು. ಫೋನು ಇಟ್ಟ ಮೇಲೆ ಆ ನಗುವಿನ ಅರ್ಥವೇನೆಂದು ನಾನು ಮತ್ತೆ ನಿಂಬೆಗಿಡ ಸುತ್ತಿದೆ. ಅಧ್ಯಕ್ಷಗಿರಿ ಹೋಗಿದ್ದಕ್ಕೆ ಒಳಗೆಲ್ಲೋ ಹೊಟ್ಟೆ ಉರಿಯಿತು ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ. ಆದರೆ ಕೆಲಸ ಇನ್ನೂ ಅರ್ಧವೇ ಆಗಿತ್ತು. ಕೇಸು ಇಟ್ಟುಕೊಂಡು, ಮುಂದಿನ ತಾರೀಖಿಗೂ ಸಾಕ್ಷಿಗೆ ಜ್ವರ ಎಂದರೆ ಗೌಡರು ಹೇಳಿದ್ದೇ ನಿಜವಾಗುತ್ತಿತ್ತು.

ನನ್ನ ಗುಮಾಸ್ತ ಮಾರುತಿಗೆ ಫೋನು ಮಾಡಿದೆ.

"ಮಾರುತಿ, ರಜೆ ಮುಗದ ಮೊದಲ ತಾರೀಖಿಗೆ ಕಾಶವ್ವನ ಸಾಕ್ಷಿ. ಆಕಿಗೆ ನಾಳೆನ ಹೇಳು."

"ಮುದ್ದತಿನ ಅರ್ಜಿ ತಯಾರ್ ಮಾಡಿಟ್ಟೀನಲ್ರಿ ಸಾಹೇಬ್ರ. ಈ ಸಲ ಆಕಿಗೆ ಕಣ್ಣು ಬಂದಾವ ಅಂತ ಬರದೀನಿ."

"ಹರದು ಹಾಕು."

ಮಾರುತಿ ನನ್ನ ಬಳಿ ಹದಿನಾರು ವರ್ಷದಿಂದ ಇದ್ದಾನೆ. ಅರ್ಜಿ ಹರಿದು ಹಾಕೆಂದು ನಾನು ಹೇಳಿದ್ದನ್ನು ಅವನು ಹಿಂದೆಂದೂ ಕೇಳಿರಲಿಕ್ಕಿಲ್ಲ. "ಗಟಾರದ ಮಾತು ಬಂದ್ರ ಹ್ಯಾಂಗ್ರಿ?" ಎಂದ.

"ಬರ್ಲಿ. ಮಳಿ ಬಂದಾಗ ಬುಟ್ಟಿ ತಗೊಂಡು ಮತ್ತೆಲ್ಲಿ ಕುಂದ್ರಬೇಕು ಅಂತ ಜಡ್ಜ್ ಸಾಹೇಬ್ರನ ಕೇಳ್ತೀನಿ."

"ಆತ್ರಿ. ನೀವು ಬರೂದ್ರಾಗ ತಾಲೀಮು ಕೊಟ್ಟಿಡ್ತೀನಿ. ಏನೇನು ಹೇಳಬೇಕು ಅಂತ ಹೇಳಿಕೊಡ್ಲಿ ಆಕಿಗೆ?"

"ಏನೂ ಹೇಳಿಕೊಡಬ್ಯಾಡ."

ಫೋನಿನಲ್ಲಿ ನಮ್ಮೂರಿನ ನಾಯಿ ಬೊಗಳುವುದು ಕೇಳಿಸಿತು. ಆಮೇಲೆ ಮಾರುತಿ, ಬಹಳ ಕಾಳಜಿಯಿಂದ ಕೇಳಿದ: "ಸಾಹೇಬ್ರ, ಆರಾಮ ಅದೀರಿಲ್ಲ?"

ಆರಾಮವಾಗಿ ಖಂಡಿತ ಇರಲಿಲ್ಲ. ಕರಿ ಕೋಟು ಹಾಕಿದ ಮೇಲೆ ಇದೇ ಮೊದಲ ಸಲ, ನನ್ನ ಸಾಕ್ಷಿ ಕಟಕಟೆಯಲ್ಲಿ ನಿಂತು ಏನು ಹೇಳುತ್ತಾಳೆಂಬುದು ನನಗೆ ಗೊತ್ತಿರಲಿಲ್ಲ.